ಪಾದರಸದ ಲೆಕ್ಕ: ಏಳನೆಯ ಕಂತು

"ಗೇಜಿನದು ಏನೂ ತಪ್ಪಿಲ್ಲ," ಎಂದು ಮಿತ್ಸುತಾಕೆ ಹಿಸಾನೊ ಮೂರನೆಯ ಸಲ ಹೇಳಿದಳು. "ಇದ್ದದ್ದನ್ನ ಇದ್ದ ಹಾಗೆ ತೋರಿಸಿದೆ. ಇಷ್ಟು ಬರ್ಕೊಂಡು ನನ್ನನ್ನ ಬಿಟ್ಟುಬಿಡಿ ಓಗುಶಿ ಸಾನ್. ನಾಲ್ಕೂ ನಲವತ್ತರ ರೈಲು ತಪ್ಪಿದ್ರೆ ಮುಂದಿನದು ಏಳಕ್ಕೆ."

ಸಬ್‌ಇನ್ಸ್‌ಪೆಕ್ಟರ್ ಓಗುಶಿ ಸೀಮೆಎಣ್ಣೆ ಸ್ಟವ್ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈ ಕಾಯಿಸಿಕೊಳ್ಳುತ್ತಿದ್ದ. "ಬರ್ಕೊಂಡಾಯ್ತು. ಡಾಕ್ಟರ ಸಹಿ ಬೇಕಲ್ಲ. ಅವರು ಇನ್ನೂ ರೋಗಿಗಳನ್ನ ನೋಡ್ತಾ ಇದಾರೆ. ಒಂದು ಕಿತ್ತಳೆ ತಿನ್ನಿ."

ಹಿಸಾನೊ ತಿನ್ನಲಿಲ್ಲ. ಬೆಂಚಿನ ಮೇಲೆ ಕೂತು ಬೂಟಿನೊಳಗೆ ಬೆರಳು ತೂರಿಸಿ ಹಿಮ್ಮಡಿ ಒತ್ತಿಕೊಂಡಳು. ಐವತ್ತಮೂರು ವರ್ಷದ ಹೆಂಗಸು, ಒಂಬತ್ತು ಕಿಲೋ ತೂಗುವ ಮರದ ಪೆಟ್ಟಿಗೆಯನ್ನು ಎರಡು ರೈಲು, ಒಂದು ಬಸ್ಸು ಹತ್ತಿಸಿ ಇಳಿಸಿ ತಂದಿದ್ದಳು. ಪೆಟ್ಟಿಗೆಯಲ್ಲಿ ಈ ಆಸ್ಪತ್ರೆಯ ಒತ್ತಡದ ಗೇಜು ಇತ್ತು. ಪ್ರಾಂತ್ಯದ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಅವಳ ಕೆಲಸ ಇಷ್ಟೇ: ತಕ್ಕಡಿ, ಗೇಜು, ರಕ್ತದೊತ್ತಡದ ಯಂತ್ರ, ಯಾವುದು ಸರಿ ಯಾವುದು ತಪ್ಪು ಎಂದು ನೋಡುವುದು, ಸರಿಯಿದ್ದರೆ ಸೀಸದ ಮುದ್ರೆ ಹಾಕುವುದು, ಮುಂದಿನ ಊರಿಗೆ ಹೋಗುವುದು.

ಹನ್ನೊಂದು ದಿನದ ಹಿಂದೆ ಇದೇ ಕೋಣೆಯಲ್ಲಿ, ಎದುರಿಗೇ ಮಲಗಿರುವ ಈ ಹಸಿರು ಬಣ್ಣದ ಉಕ್ಕಿನ ತೊಟ್ಟಿಯೊಳಗೆ, ಇಶಿಮಾರು ತೊರಾಯಿಚಿ ಎಂಬ ಮುಳುಗುಗಾರ ಸತ್ತು ಸಿಕ್ಕಿದ್ದ. ತೊಟ್ಟಿಯ ಕವಾಟ ತಿರುಗಿಸುವ ಮುದುಕ ಸೆನ್‌ಕಿಚಿ ಅಂದಿನಿಂದ ಠಾಣೆಯಲ್ಲಿ ತುಟಿ ಬಿಚ್ಚದೆ ಕೂತಿದ್ದ.

ಕಿಟಕಿಯಾಚೆ ಆರಿಯಾಕೆ ಕೊಲ್ಲಿಯ ನೀರು ಏರುತ್ತಿತ್ತು. ಬೆಳಗ್ಗೆ ಕೆಸರಿನ ಮೇಲೆ ಓರೆಯಾಗಿ ಬಿದ್ದಿದ್ದ ದೋಣಿಗಳು ಒಂದೊಂದಾಗಿ ನೆಟ್ಟಗಾಗುತ್ತಿದ್ದವು. ಜನವರಿ ಕೊನೆ, ಚಿಪ್ಪು ಕೀಳುವ ಕಾಲ. ಈ ಉರಾಸಾಕಿ ಊರಿನ ಗಂಡಸರು ತಲೆಗೆ ಹಿತ್ತಾಳೆಯ ಟೋಪಿ ಬಿಗಿದುಕೊಂಡು, ದೋಣಿಯಿಂದ ಬರುವ ಗಾಳಿಯ ಕೊಳವೆಯನ್ನೇ ನಂಬಿಕೊಂಡು ತಳಕ್ಕಿಳಿಯುವ ಕಾಲ. ಹೆಚ್ಚು ಹೊತ್ತು ಕೆಳಗಿದ್ದು ಸರಕ್ಕನೆ ಮೇಲೆ ಬಂದವನ ರಕ್ತದಲ್ಲಿ ಗಾಳಿಗುಳ್ಳೆ ಏಳುತ್ತವೆ, ಕೀಲುಗಳು ಹಿಡಿಯುತ್ತವೆ, ಕೆಲವರ ಸೊಂಟದಿಂದ ಕೆಳಗೆ ಸ್ವಾಧೀನ ಹೋಗುತ್ತದೆ. ಅಂಥವನನ್ನು ಈ ತೊಟ್ಟಿಯೊಳಗೆ ಮಲಗಿಸಿ, ಸಮುದ್ರದ ಆಳದಲ್ಲಿದ್ದಷ್ಟೇ ಒತ್ತಡ ತುಂಬಿ, ಐದು ಗಂಟೆ ಕಾಲ ತಾಳ್ಮೆಯಿಂದ ಇಳಿಸಬೇಕು. ಸೆನ್‌ಕಿಚಿ ಇಪ್ಪತ್ತೆರಡೇ ನಿಮಿಷದಲ್ಲಿ ಇಳಿಸಿಬಿಟ್ಟ ಎನ್ನುವುದು ಪೊಲೀಸರ ವಾದ. ದಾಖಲೆ ಪುಸ್ತಕ ಅದನ್ನೇ ಹೇಳುತ್ತಿತ್ತು, ಅವನದೇ ಅಕ್ಷರದಲ್ಲಿ, ಸಹಿಯ ಬದಲು ಒತ್ತುವ ಅವನದೇ ಹೆಸರಿನ ಮುದ್ರೆಯ ಸಮೇತ.

"ಆ ಪುಸ್ತಕ ಕೊಡಿ ಇಲ್ಲಿ," ಎಂದಳು ಹಿಸಾನೊ. "ಕೊನೆಯ ಪುಟ ಖುದ್ದಾಗಿ ನೋಡಿದೀನಿ ಅಂತ ನಮೂನೆಯಲ್ಲಿ ಬರೀಬೇಕು. ನೋಡದೆ ಬರೆದ್ರೂ ಯಾರೂ ಕೇಳಲ್ಲ. ಆದ್ರೆ ಸುಮ್ನೆ ಕೂತಿದೀನಲ್ಲ."

ಓಗುಶಿ ತನ್ನ ಚೀಲದಿಂದ ಪುಸ್ತಕ ತೆಗೆದುಕೊಟ್ಟ. ಕಪ್ಪು ರಟ್ಟಿನ ಹೊದಿಕೆ. ಒಳಗೆ ತೂತು ಕೊರೆದ ಬಿಡಿ ಹಾಳೆಗಳು, ಅಂಚಿಗೆ ಕಪ್ಪು ದಾರ ಪೋಣಿಸಿ ಗಂಟು ಹಾಕಿದ್ದರು. ಗಂಟು ಬಿಚ್ಚಿದರೆ ಯಾವ ಹಾಳೆಯನ್ನಾದರೂ ತೆಗೆಯಬಹುದು, ಯಾವುದನ್ನಾದರೂ ಸೇರಿಸಬಹುದು ಎಂದು ಅವಳ ಬೆರಳಿಗೆ ಅನ್ನಿಸಿತು. ತಲೆ ಆ ಮಾತನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅದಕ್ಕೆ ಬಿಸಿನೀರಿನ ಸ್ನಾನ ಬೇಕಿತ್ತು, ಆಮೇಲೆ ನಿದ್ದೆ.

ಕೊನೆಯ ಪುಟ ತೆರೆದಳು.

ಎಡಗಡೆ ಗಂಟೆ. ನಡುವೆ ಗೇಜಿನ ಮುಳ್ಳು ತೋರಿಸಿದ್ದು, ಕಿಲೋ ಲೆಕ್ಕದಲ್ಲಿ. ಬಲಗಡೆ ಅದೇ ಒತ್ತಡ ಪಾದರಸದ ಲೆಕ್ಕದಲ್ಲಿ. ಮೂರೂ ಹತ್ತಕ್ಕೆ 1.8, ಅದರ ಮುಂದೆ 1368. ಮೂರೂ ಇಪ್ಪತ್ತೈದಕ್ಕೆ 0.9, ಮುಂದೆ 684. ಮೂರೂ ಮೂವತ್ತೆರಡಕ್ಕೆ ಸೊನ್ನೆ. ಅದರ ಕೆಳಗೆ ಸೆನ್‌ಕಿಚಿಯ ಕೆಂಪು ಮುದ್ರೆ.

ಒಂದು ಪುಟ ಹಿಂದೆ ತಿರುಗಿಸಿದಳು. 1.8, ಮುಂದೆ 1324. 0.9, ಮುಂದೆ 662.

ಇನ್ನೊಂದು ಪುಟ. 1324. 662. ಹೋದ ವರ್ಷದ ಪುಟಗಳು. 1324. ಐದು ವರ್ಷದ ಹಿಂದಿನದು, ಶಾಯಿ ಕಂದಾಗಿತ್ತು. 1324.

ಅವಳಿಗೆ ಕೋಪವೇ ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇನ್ನು ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡಿದ್ದರೆ ರೈಲಿನಲ್ಲಿರುತ್ತಿದ್ದಳು.

"ಓಗುಶಿ ಸಾನ್, ನಿಮ್ಮ ರಕ್ತದೊತ್ತಡ ಎಷ್ಟು?"

"ಇದೇನು, ಅಳತೆ ಇಲಾಖೆಗೆ ಅದೂ ಬೇಕಾ? ಹೋದ ತಿಂಗಳು ನೂರ ಅರವತ್ತು ಅಂದ್ರು. ಉಪ್ಪು ಬಿಡಿ ಅಂದ್ರು. ಏಡಿ ಉಪ್ಪಿನಕಾಯಿ ಇಲ್ದೆ ಗಂಟಲಲ್ಲಿ ಅನ್ನ ಹೇಗೆ ಇಳಿಯುತ್ತೆ ಹೇಳಿ."

"ನೂರ ಅರವತ್ತು ಏನು? ಕಿಲೋನಾ, ಮೀಟರಾ?"

ಓಗುಶಿ ಯೋಚಿಸಿದ. "ಬರೀ ನೂರ ಅರವತ್ತು."

"ಬರೀ ಅನ್ನೋದು ಯಾವ ಅಳತೆನೂ ಅಲ್ಲ. ನಿಮ್ಮ ರಕ್ತ ಪಾದರಸದ ಕಂಬವನ್ನ ನೂರ ಅರವತ್ತು ಮಿಲಿಮೀಟರ್ ಎತ್ತರಕ್ಕೆ ತಳ್ಳುತ್ತೆ. ಅದು ಡಾಕ್ಟರ್‌ಗಳ ಲೆಕ್ಕ. ಬಾಯ್ಲರ್‌ನವರ ಲೆಕ್ಕ ಬೇರೆ. ಹೆಬ್ಬೆರಳಿನ ಉಗುರಷ್ಟು ಜಾಗದ ಮೇಲೆ ಎಷ್ಟು ಕಿಲೋ ಭಾರ ಕೂತಿದೆ ಅಂತ ಅವರು ನೋಡ್ತಾರೆ. ಈ ತೊಟ್ಟಿಯ ಗೇಜು ಆ ಜಾತಿಯದು. ಅದರ ಪ್ರಕಾರ ನಿಮ್ಮ ರಕ್ತದೊತ್ತಡ ಕಾಲು ಕಿಲೋನೂ ಇಲ್ಲ."

"ಇದನ್ನ ಒಂದು ಚೀಟಿಯಲ್ಲಿ ಬರ್ದು ಮುದ್ರೆ ಹಾಕಿ ಕೊಡಿ. ಹೆಂಡತಿಗೆ ತೋರಿಸ್ತೀನಿ."

"ತಮಾಷೆ ಆಮೇಲೆ. ಇಲ್ಲಿ ನೋಡಿ. ಕವಾನಾಮಿ ಡಾಕ್ಟರು ಪಾದರಸದಲ್ಲೇ ಬರೀತಾರೆ, ಪಾದರಸದಲ್ಲೇ ಕೇಳ್ತಾರೆ. ಅದಕ್ಕೇ ಸೆನ್‌ಕಿಚಿ ಪ್ರತಿ ಸಾಲಲ್ಲೂ ಎರಡೆರಡು ಅಂಕಿ ಬರೀತಿದ್ದ. ಒಂದು ಕಿಲೋಗೆ ಏಳುನೂರ ಮೂವತ್ತೈದೂವರೆ ಮಿಲಿಮೀಟರ್ ಪಾದರಸ. ಅದರಿಂದ ಗುಣಿಸಿದ್ರೆ ಒಂದು ಪಾಯಿಂಟ್ ಎಂಟಕ್ಕೆ ಸಾವಿರದ ಮುನ್ನೂರ ಇಪ್ಪತ್ತನಾಲ್ಕು. ಐದು ವರ್ಷದ ಪುಟಗಳಲ್ಲಿ ಒಂದೇ ಒಂದು ಸಲ ತಪ್ಪಿಲ್ಲ ಆ ಮನುಷ್ಯ."

"ಸತ್ತ ದಿನ ತಪ್ಪಿದ. ನಾವು ಹೇಳ್ತಿರೋದೂ ಅದೇ ಅಲ್ವಾ."

"ತಪ್ಪಾಗಿದ್ರೆ ಅಡ್ಡಾದಿಡ್ಡಿ ಆಗಿರ್ತಿತ್ತು. ಇದು ಒಂದೇ ಕ್ರಮದಲ್ಲಿ ಬೇರೆಯಾಗಿದೆ. ಇಲ್ಲಿ ಗುಣಿಸಿರೋದು ಏಳುನೂರ ಅರವತ್ತರಿಂದ." ಅವಳು ಬೆರಳಿನ ಗಿಣ್ಣಿನಿಂದ ಹಾಳೆ ತಟ್ಟಿದಳು. "ಏಳುನೂರ ಅರವತ್ತು ಎಲ್ಲಿಂದ ಬರುತ್ತೆ ಗೊತ್ತಾ? ಪಠ್ಯಪುಸ್ತಕದಿಂದ. ಸಮುದ್ರಮಟ್ಟದ ಗಾಳಿಯ ಒತ್ತಡ ಏಳುನೂರ ಅರವತ್ತು ಮಿಲಿಮೀಟರ್ ಅಂತ ಓದಿದವರಿಗೆಲ್ಲ ಬಾಯಿಪಾಠ. ಒಂದು ಕಿಲೋ ಅಂದ್ರೂ ಅದೇ ಅಂದುಕೊಳ್ತಾರೆ. ಹೆಚ್ಚುಕಮ್ಮಿ ಅಷ್ಟೇ ಇದೆ ನಿಜ, ನೂರಕ್ಕೆ ಮೂರರಷ್ಟು ವ್ಯತ್ಯಾಸ. ಆದ್ರೆ ಯಂತ್ರದ ಮುಂದೆ ಕೂತು ಕೂದಲು ಹಣ್ಣಾದವನು ಎರಡನ್ನೂ ಬೆರೆಸಲ್ಲ."

ಓಗುಶಿ ಮೆಲ್ಲಗೆ ಎದ್ದು ನಿಂತ. "ಅಂದ್ರೆ ರೋಗಿ ಸತ್ತದ್ದು ಈ ಮೂರರಷ್ಟರಿಂದಾನಾ?"

"ಅಲ್ಲ. ರೋಗಿಗೆ ಇದರಿಂದ ಏನೂ ಆಗಲ್ಲ. ಆದ್ರೆ ಈ ಪುಟ ಸೆನ್‌ಕಿಚಿ ಬರೆದದ್ದಲ್ಲ. ಅವನ ಅಕ್ಷರ ನೋಡಿಕೊಂಡು ಯಾರೋ ಅಂಕಿಗಳನ್ನ ಬರೆದಿದಾರೆ. ಮುದ್ರೆ ಆ ಮೇಜಿನ ಡ್ರಾಯರಿನಲ್ಲೇ ಇರುತ್ತೆ, ಬೀಗ ಇಲ್ಲ. ಅವನ ಅಕ್ಷರ ಕದಿಯೋಕಾಯ್ತು, ಲೆಕ್ಕ ಕದಿಯೋಕಾಗ್ಲಿಲ್ಲ. ಲೆಕ್ಕದ ಪಟ್ಟಿ ಗೋಡೆ ಮೇಲಿಲ್ಲ ನೋಡಿ. ಅವನ ತಲೆಯಲ್ಲೇ ಇತ್ತು."

ಕೆಟಲ್ ಸಣ್ಣಗೆ ಸದ್ದು ಮಾಡುತ್ತಿತ್ತು. ಓಗುಶಿ ಗೋಡೆ ನೋಡಿದ, ಪುಸ್ತಕ ನೋಡಿದ, ಮುಚ್ಚಿದ ಬಾಗಿಲಿನತ್ತ ನೋಡಿದ. ಈ ಆಸ್ಪತ್ರೆಯಲ್ಲಿ ಪಠ್ಯಪುಸ್ತಕ ಓದಿದವರು ಯಾರು ಎನ್ನುವುದನ್ನು ಅವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

"ಡಾಕ್ಟ್ರು," ಎಂದ.

"ನಾನು ಹಾಗಂದಿಲ್ಲ. ಮೊದಲು ಠಾಣೆಗೆ ಫೋನ್ ಮಾಡಿ. ಈ ಪುಟ ನಿನ್ನದಲ್ಲ ಅಂತ ನಮಗೆ ಗೊತ್ತಾಗಿದೆ, ಯಾರದ್ದು ಹೇಳು ಅಂತ ಸೆನ್‌ಕಿಚಿಯನ್ನ ಕೇಳಿಸಿ. ಈಗಲಾದ್ರೂ ಬಾಯಿ ಬಿಡಬಹುದು."

ಓಗುಶಿ ಮೊಗಸಾಲೆಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದ. ಅವನ ಹಿಂದೆಯೇ ಡಾಕ್ಟರ್ ಕವಾನಾಮಿ ಒಳಗೆ ಬಂದರು.

ಅರವತ್ತೊಂದು ವರ್ಷದ, ತೆಳ್ಳಗೆ ಎತ್ತರದ ಮನುಷ್ಯ. ಬಿಳಿ ಕೋಟಿನ ಜೇಬಿನ ತುದಿಯಲ್ಲಿ ನೀಲಿ ಶಾಯಿಯ ಕಲೆ. ಬೆಳಗಿನಿಂದ ಕೆಮ್ಮುವವರ ನಡುವೆ ಕೂತು ಅವರ ಮುಖವೂ ರೋಗಿಯ ಮುಖದ ಹಾಗೇ ಆಗಿತ್ತು. "ಕಾಯಿಸಿಬಿಟ್ಟೆ, ಕ್ಷಮಿಸಿ. ಎಲ್ಲಿ ಸಹಿ ಹಾಕಬೇಕು? ಬೇಗ ಗೇಜು ಕೂರಿಸಿಕೊಡಿ ಮಿತ್ಸುತಾಕೆ ಸಾನ್. ಹನ್ನೊಂದು ದಿನದಲ್ಲಿ ಮೂರು ಜನರನ್ನ ನಗರದ ಆಸ್ಪತ್ರೆಗೆ ಕಳಿಸಿದೀನಿ. ಎರಡು ಗಂಟೆ ದಾರಿ. ಒಬ್ಬನ ಕಾಲು ಇನ್ನೂ ಎದ್ದಿಲ್ಲ."

"ಕೂರಿಸ್ತೀನಿ. ವರದಿಗೆ ಒಂದು ಅಂಕಿ ಬಾಕಿ ಇದೆ," ಎಂದು ಹಿಸಾನೊ ಕಾಗದ ಪೆನ್ಸಿಲು ಮುಂದೆ ಸರಿಸಿದಳು. ದನಿಯಲ್ಲಿ ಯಾವ ಏರಿಳಿತವೂ ಇರಲಿಲ್ಲ. ದಣಿದವರ ದನಿ ಇಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಅವಳಿಗೆ ಅನುಭವದಿಂದ ಗೊತ್ತಿತ್ತು. "ಗೇಜು ಎರಡು ಪಾಯಿಂಟ್ ನಾಲ್ಕು ಕಿಲೋ ತೋರಿಸಿದ್ರೆ ನಿಮ್ಮ ಪಾದರಸದಲ್ಲಿ ಎಷ್ಟಾಗುತ್ತೆ? ಇಲ್ಲಿ ಯಾವ ಪದ್ಧತಿ ಬಳಸ್ತಾರೆ ಅಂತ ದಾಖಲಿಸಬೇಕು. ಇಲ್ಲೇ ಬರೆದುಬಿಡಿ."

760ರಿಂದ ಗುಣಿಸಿದರೆ 1824 ಬರಬೇಕು.

ಡಾಕ್ಟರರು ಕನ್ನಡಕವನ್ನು ಹಣೆಗೇರಿಸಿ ಕಾಗದದ ಮೇಲೆ ಬಗ್ಗಿದರು. ಒಂದು ಅಡ್ಡಗೆರೆ, ಎರಡು ಸಾಲು ಅಂಕಿ. ಕಾಗದ ತಿರುಗಿಸಿಕೊಟ್ಟರು.

1765.

ಹಿಸಾನೊ ಅದನ್ನು ಎರಡು ಸಲ ನೋಡಿದಳು. ಆದದ್ದು ನಿರಾಸೆಯೋ ಸಮಾಧಾನವೋ ಅವಳಿಗೇ ತಿಳಿಯಲಿಲ್ಲ. ಲೆಕ್ಕ ಸರಿಯಾಗಿತ್ತು. ಈ ಕೈ ಆ ಪುಟ ಬರೆದದ್ದಲ್ಲ.

"ಏಳುನೂರ ಮೂವತ್ತೈದೂವರೆ," ಎಂದಳು.

"ಮತ್ತಿನ್ನೇನು?" ಡಾಕ್ಟರರು ಮೊದಲ ಬಾರಿಗೆ ಸ್ವಲ್ಪ ನಕ್ಕರು. "ಸೆನ್‌ಕಿಚಿ ಬೈದೂ ಬೈದೂ ಕಲಿಸಿದ್ದು. ಮೊದಲ ವರ್ಷ ನಾನು ಏಳುನೂರ ಅರವತ್ತು ಅಂತ ಹಿಡಿದು ಕೂರ್ತಿದ್ದೆ. 'ಡಾಕ್ಟ್ರೇ, ಅದು ಗಾಳಿಯ ಲೆಕ್ಕ, ಇದು ಗೇಜಿನ ಲೆಕ್ಕ, ಎರಡಕ್ಕೂ ಮದುವೆ ಮಾಡಿಸಬೇಡಿ' ಅಂತ ಬೈತಿದ್ದ. ವೈದ್ಯ ಕಾಲೇಜಿನಿಂದ ಹೊಸದಾಗಿ ಬಂದವರೆಲ್ಲ ಹಾಗೇ ಮಾಡೋದು. ಏನು, ಯಾಕೆ ಹಾಗೆ ನೋಡ್ತಿದೀರಿ?"

ಹಿಸಾನೊ ಪುಸ್ತಕದ ಕೊನೆಯ ಪುಟವನ್ನು ಅವರ ಮುಂದೆ ಇಟ್ಟಳು. "ಬಲಗಡೆ ಸಾಲು ಓದಿ."

ಡಾಕ್ಟರರು ಓದಿದರು. ಅವರ ನಗು ಹೋದದ್ದು ಒಮ್ಮೆಲೇ ಅಲ್ಲ. ಮೊದಲು ಕಣ್ಣಿನಿಂದ ಹೋಯಿತು, ಬಾಯಿಯ ಕೊನೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ತೆಗೆಯಲು ಮರೆತವರ ಹಾಗೆ. ಬೆರಳು 1368ರ ಮೇಲೆ ನಿಂತಿತು. ಹಿಂದಿನ ಪುಟ ತಿರುಗಿಸಿದರು. ಮತ್ತೆ ಮುಂದಿನದಕ್ಕೆ ಬಂದರು.

"ಇದನ್ನ ನೀವು ಮೊದಲು ನೋಡಿರಲಿಲ್ವಾ?" ಎಂದು ಓಗುಶಿ ಕೇಳಿದ.

"ಇಲ್ಲ. ನಾನು ಬರೋಷ್ಟರಲ್ಲಿ ನಿಮ್ಮವರು ಪುಸ್ತಕ ತಗೊಂಡು ಹೋಗಿದ್ರು." ಅವರು ಕನ್ನಡಕ ಕಳಚಿ ಕೋಟಿನ ಅಂಚಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. "ಸೆನ್‌ಕಿಚಿ ಏನಾದ್ರೂ ಹೇಳಿದನಾ?"

"ಇಲ್ಲಿವರೆಗೂ ಏನೂ ಇಲ್ಲ."

"ಹೇಳಲ್ಲ ಅವನು." ಡಾಕ್ಟರರು ಕನ್ನಡಕ ಹಾಕಿಕೊಂಡರು. "ಹಾಗಾದ್ರೆ ಬರ್ಕೊಳ್ಳಿ ಓಗುಶಿ ಸಾನ್. ಆ ಪುಟ ಬರೆದದ್ದು ನಾನು. ಅವತ್ತು ಕವಾಟ ತಿರುಗಿಸಿದ್ದೂ ನಾನೇ. ಆ ಮುದುಕನನ್ನ ಮನೆಗೆ ಕಳಿಸಿ. ಅವನ ಸೊಂಟದ ಮೂಳೆ ಸವೆದಿದೆ, ನಿಮ್ಮ ಠಾಣೆಯ ನೆಲದ ಮೇಲೆ ಕೂರೋಕಾಗಲ್ಲ ಅವನಿಗೆ."

ಓಗುಶಿ ನೋಟ್‌ಬುಕ್ ತೆಗೆದೇಬಿಟ್ಟ. ಹನ್ನೊಂದು ದಿನದ ಭಾರ ಇಳಿದವನ ಹಾಗೆ ಅವನ ಭುಜ ಸಡಿಲವಾಯಿತು.

"ಡಾಕ್ಟ್ರೇ," ಎಂದಳು ಹಿಸಾನೊ. "ನೀವು ಈಗಷ್ಟೇ ಬರೆದ ಅಂಕಿ ನನ್ನ ಕೈಲಿದೆ."

"ಅವತ್ತು ಗಾಬರಿಯಲ್ಲಿದ್ದೆ. ಗಾಬರಿಯಾದಾಗ ಮನುಷ್ಯ ಮೊದಲು ಕಲಿತದ್ದನ್ನೇ ಆಡ್ತಾನೆ."

"ಗೇಜಿನ ಜೊತೆ ನನಗೆ ಬಂದ ಪೊಲೀಸರ ಕಡತದಲ್ಲಿ ನೀವೇ ಹೇಳಿಕೆ ಕೊಟ್ಟಿದೀರಿ, ಅವತ್ತು ಮಧ್ಯಾಹ್ನ ಮೀನುಗಾರರ ಸಂಘದ ಸಭೆಯಲ್ಲಿದ್ದೆ ಅಂತ. ನಲವತ್ತು ಜನ ನಿಮ್ಮನ್ನ ನೋಡಿದಾರೆ."

"ನಡುವೆ ಎದ್ದು ಬಂದೆ."

"ಯಾರೂ ಹಾಗೆ ಹೇಳಿಲ್ಲ."

"ಮುದುಕ ಎದ್ದು ಹೊರಗೆ ಹೋದ್ರೆ ಯಾರು ಗಮನಿಸ್ತಾರೆ." ಅವರು ಅವಳ ಕಣ್ಣನ್ನು ನೇರವಾಗಿ ನೋಡಿದರು. "ಮಿತ್ಸುತಾಕೆ ಸಾನ್, ನಿಮ್ಮ ಕೆಲಸ ಗೇಜು ಸರಿಯಿದೆಯಾ ಅಂತ ನೋಡೋದು. ನೋಡಿದ್ರಿ. ಸರಿಯಿದೆ. ನೀವು ದಣಿದಿದೀರಿ, ನಾನೂ ದಣಿದಿದೀನಿ. ರೈಲಿಗೆ ಹೊತ್ತಾಗುತ್ತೆ."

ಅದು ಬೆದರಿಕೆಯಾಗಿದ್ದರೆ ಸುಲಭವಿತ್ತು. ಅದು ಬೇಡಿಕೆಯಾಗಿತ್ತು. ಹಿಸಾನೊ ಆ ಕಾಗದವನ್ನು, 1765 ಎಂದು ಬರೆದ ಆ ತುಂಡು ಕಾಗದವನ್ನು, ಮಡಿಸಿ ಕೈಯಲ್ಲಿ ಹಿಡಿದುಕೊಂಡಳು. ಸ್ಟವ್‌ಗೆ ಹಾಕಿದರೆ ಒಂದು ಕ್ಷಣದ ಕೆಲಸ. ಆಮೇಲೆ ಓಗುಶಿಗೆ ಒಬ್ಬ ಅಪರಾಧಿ ಸಿಗುತ್ತಾನೆ, ಸೆನ್‌ಕಿಚಿಗೆ ತನ್ನ ಮನೆ ಸಿಗುತ್ತದೆ, ತನಗೆ ನಾಲ್ಕೂ ನಲವತ್ತರ ರೈಲು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಇಂಥ ಎಷ್ಟೋ ಬಾಗಿಲುಗಳಿಂದ ಮುದ್ರೆ ಹಾಕಿ ಹೊರಗೆ ನಡೆದಿದ್ದಳು. ಕವಾಟ ತಿರುಗಿಸಿದ ಕೈ ಯಾರದ್ದು ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

"ಅವತ್ತು ಆಸ್ಪತ್ರೆಯಲ್ಲಿ ಇನ್ಯಾರಿದ್ರು?" ಎಂದು ಕೇಳಿದಳು.

"ಸೆನ್‌ಕಿಚಿ. ರೋಗಿ. ನಾನು."

"ನಿಮ್ಮ ಮಗಳು ಡಿಸೆಂಬರಿನಲ್ಲಿ ಫುಕುವೊಕಾದಿಂದ ಡಾಕ್ಟರಿ ಓದು ಮುಗಿಸಿ ಬಂದಿದಾಳೆ ಅಂತ ಬಸ್ಸಿನಲ್ಲಿ ಯಾರೋ ಹೇಳ್ತಿದ್ರು."

"ಅವತ್ತು ಅವಳು ಊರಲ್ಲಿರಲಿಲ್ಲ." ಉತ್ತರ ಪ್ರಶ್ನೆ ಮುಗಿಯುವ ಮೊದಲೇ ಬಂತು.

ಮೊಗಸಾಲೆಯಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಓಗುಶಿ ನೋಟ್‌ಬುಕ್ ಹಿಡಿದುಕೊಂಡೇ ಓಡಿದ. ಬಾಗಿಲು ಅರ್ಧ ತೆರೆದೇ ಇತ್ತು, ಅವನ ಮಾತು ಕೇಳಿಸುತ್ತಿತ್ತು. "ಹೂಂ. ಹೂಂ. ಏನಂದ? ಇನ್ನೊಂದ್ಸಲ ಹೇಳು."

ಅವನು ಮರಳಿ ಬಂದಾಗ ಭುಜಗಳು ಮತ್ತೆ ಬಿಗಿದಿದ್ದವು.

"ಸೆನ್‌ಕಿಚಿ ಬಾಯಿ ಬಿಟ್ಟ," ಎಂದ. "ಆ ಪುಟ ನಿನ್ನದಲ್ಲ ಅಂತ ಗೊತ್ತಾಯ್ತು ಅಂದ ತಕ್ಷಣ ಬಿಟ್ಟನಂತೆ. 'ನನ್ನದೇ, ನಾನೇ ಬರೆದದ್ದು, ಕುಡಿದಿದ್ದೆ, ಲೆಕ್ಕ ತಪ್ಪಿತು, ಕಾಗದ ತನ್ನಿ ಹೆಬ್ಬೆಟ್ಟು ಒತ್ತುತ್ತೀನಿ' ಅಂತಿದಾನಂತೆ."

"ಸೆನ್‌ಕಿಚಿ ಕುಡಿಯಲ್ಲ," ಎಂದುಬಿಟ್ಟರು ಡಾಕ್ಟರರು.

"ಒಂದೇ ಪುಟ," ಎಂದ ಓಗುಶಿ, ಯಾರಿಗೂ ಅಲ್ಲದ ಹಾಗೆ. "ಬರೆದವರು ಇಬ್ಬರು. ಮೇಲಧಿಕಾರಿಗಳಿಗೆ ನಾನು ಏನಂತ ಹೇಳ್ಲಿ?"

ಹಿಸಾನೊಗೆ ಹೇಳುವುದಕ್ಕಿತ್ತು. ಇಬ್ಬರೂ ಬರೆದಿಲ್ಲ. ಇಬ್ಬರೂ ಒಬ್ಬಳನ್ನೇ ಮರೆಮಾಡುತ್ತಿದ್ದಾರೆ, ಪರಸ್ಪರ ಮಾತಾಡಿಕೊಳ್ಳದೆ, ಎರಡು ಬೇರೆ ಬೇರೆ ಕಟ್ಟಡಗಳಲ್ಲಿ ಕೂತು. ಆ ಮಾತು ನಾಲಿಗೆಯ ಮೇಲಿದ್ದಾಗಲೇ ಹೊರಗೆ ದೋಣಿ ಕಟ್ಟುವ ದಕ್ಕೆಯ ಕಡೆಯಿಂದ ಗದ್ದಲ ಕೇಳಿಸಿತು. ರಬ್ಬರ್ ಬೂಟುಗಳ ಸದ್ದು, ಗಂಡಸರ ಕೂಗು, ಮೊಗಸಾಲೆಯ ನೆಲದ ಮೇಲೆ ನೀರು ಸುರಿಯುವ ಸದ್ದು.

ಬಾಗಿಲು ಪೂರ್ತಿ ತೆರೆಯಿತು. ಬಿಳಿ ಕೋಟು ತೊಟ್ಟ ಇಪ್ಪತ್ತಾರು ವರ್ಷದ ಹುಡುಗಿ. ಅಪ್ಪನದೇ ಎತ್ತರ, ಅಪ್ಪನದೇ ತೆಳು ಮುಖ. ಅವಳ ಹಿಂದೆ ನಾಲ್ವರು ಒಂದು ಹಲಗೆಯನ್ನು ಹಿಡಿದಿದ್ದರು. ಹಲಗೆಯ ಮೇಲೆ ಇನ್ನೂ ಮುಳುಗುವ ಅಂಗಿಯಲ್ಲೇ ಇದ್ದ ಒಬ್ಬ ಮನುಷ್ಯ ಹಲ್ಲು ಕಚ್ಚಿ ನರಳುತ್ತಿದ್ದ.

"ಅಪ್ಪಾ, ತೊಕುಜಿ ಸಾನ್. ಇಪ್ಪತ್ತು ಮೀಟರಿನಿಂದ ಸೀದಾ ಮೇಲೆ ಎಳೆದಿದಾರೆ. ಎಡಗಾಲು ಮುಟ್ಟಿದ್ರೆ ಗೊತ್ತಾಗ್ತಿಲ್ಲ ಅಂತಾರೆ. ನಗರಕ್ಕೆ ಕಳಿಸೋಷ್ಟು ಹೊತ್ತಿಲ್ಲ." ಅವಳು ಪೆಟ್ಟಿಗೆ ನೋಡಿದಳು, ಹಿಸಾನೊಳನ್ನು ನೋಡಿದಳು. "ಗೇಜು ಬಂತಾ? ಬಂದಿದ್ರೆ ತಕ್ಷಣ ಶುರುಮಾಡೋಣ. ಒಂದು ಪಾಯಿಂಟ್ ಎಂಟಕ್ಕೆ ಏರಿಸಿ ಹಿಡಿಯೋದು, ಸಾವಿರದ ಮುನ್ನೂರ ಅರವತ್ತೆಂಟು."

ಕೋಣೆಯಲ್ಲಿ ಇದ್ದವರಲ್ಲಿ ಆ ಕೊನೆಯ ಅಂಕಿ ಏನು ಹೇಳುತ್ತಿದೆ ಎಂದು ಇಬ್ಬರಿಗೆ ಮಾತ್ರ ಹೊಳೆಯಿತು. ಡಾಕ್ಟರರು ಗೋಡೆಗೆ ಕೈ ಊರಿದರು. ಹಿಸಾನೊ ಕಣ್ಣು ಮುಚ್ಚಿ ತೆರೆದಳು. ಓಗುಶಿ ಹಲಗೆಗೆ ದಾರಿಮಾಡಿಕೊಡಲು ಬೆಂಚು ಎಳೆಯುತ್ತಿದ್ದ.

"ಚಿಗುಸಾ, ನೀನು ಹೊರಗಿರು. ನಾನು ಮಾಡ್ತೀನಿ," ಎಂದರು ಡಾಕ್ಟರರು.

"ನಿಮ್ಮ ಕೈ ನಡುಗ್ತಾ ಇದೆ ಅಪ್ಪಾ."

ಹಲಗೆಯ ಮೇಲಿದ್ದವನು ಒಮ್ಮೆ ಉದ್ದಕ್ಕೆ ನರಳಿದ.

ಡಾಕ್ಟರರು ಹಿಸಾನೊಳ ಪಕ್ಕಕ್ಕೆ ಬಂದು ಕಿವಿಯ ಹತ್ತಿರ ಹೇಳಿದರು. "ತಾಯಿ ಇಲ್ಲದ ಮಗು ಅದು. ಶಾಲೆ ಬಿಟ್ಟ ಮೇಲೆ ಸೆನ್‌ಕಿಚಿ ಪಕ್ಕ ಇದೇ ಸ್ಟೂಲಿನ ಮೇಲೆ ಕೂತು ಬೆಳೀತು. ಏನು ಕೇಳಬೇಕೋ ಆಮೇಲೆ ಕೇಳಿ. ಈಗ ಅವಳನ್ನ ತಡೆದ್ರೆ ಈ ಮನುಷ್ಯನ ಕಾಲು ಹೋಗುತ್ತೆ."

ಹಿಸಾನೊ ಪುಸ್ತಕವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಪೆಟ್ಟಿಗೆಯ ಮುಚ್ಚಳ ತೆಗೆದಳು. ಗೇಜಿನ ತಿರುಪಿಗೆ ಸೆಣಬಿನ ನಾರು ಸುತ್ತಿ ತೊಟ್ಟಿಯ ಮೇಲಿನ ಕೊಳವೆಗೆ ಕೂರಿಸಿದಳು, ಎರಡು ಸ್ಪಾನರ್ ಹಿಡಿದು ಬಿಗಿ ಮಾಡಿದಳು. ಮಂಡಿ ನೋಯುತ್ತಿತ್ತು, ಕೈ ಮಾತ್ರ ತನ್ನ ಕೆಲಸ ತಾನು ಮಾಡುತ್ತಿತ್ತು. ಅಷ್ಟರಲ್ಲಿ ತೊಕುಜಿಯನ್ನು ಒಳಗೆ ಮಲಗಿಸಿ ಬಾಗಿಲಿನ ಬೋಲ್ಟುಗಳನ್ನು ತಿರುಗಿಸಿದ್ದರು. ದೋಣಿಯವರನ್ನು ಓಗುಶಿ ಮೊಗಸಾಲೆಗೆ ಕಳಿಸಿದ. ಮತ್ತೆ ಫೋನ್ ಹೊಡೆಯಿತು, ಅವನೂ ಹೋದ. ಡಾಕ್ಟರರು ಮೂಲೆಯ ಬೆಂಚಿನ ಮೇಲೆ ಕುಸಿದು ಕೂತರು. ಗಾಳಿ ತುಂಬುವ ಯಂತ್ರ ಗಡಗಡ ಎಂದು ಶುರುವಾಯಿತು. ಇನ್ನು ಪಕ್ಕದಲ್ಲಿದ್ದವರಿಗೆ ಬಿಟ್ಟು ಬೇರೆಯವರಿಗೆ ಮಾತು ಕೇಳಿಸುವಂತಿರಲಿಲ್ಲ.

ಚಿಗುಸಾ ಸ್ಟೂಲಿನ ಮೇಲೆ ಕೂತು ಕವಾಟದ ಚಕ್ರ ಹಿಡಿದಳು. ಮುಳ್ಳು ಸೊನ್ನೆ ಬಿಟ್ಟು ಎದ್ದಿತು.

"ಪಾದರಸ ಮರೆತುಬಿಡು," ಎಂದಳು ಹಿಸಾನೊ. "ಕಿಲೋ ನೋಡು ಸಾಕು. ಒಂದು ಪಾಯಿಂಟ್ ಎಂಟು."

"ಯಾಕೆ, ನಾನು ಹೇಳಿದ ಅಂಕಿ ತಪ್ಪಾ?"

"ಸಾವಿರದ ಮುನ್ನೂರ ಅರವತ್ತೆಂಟು ಅಲ್ಲ. ಸಾವಿರದ ಮುನ್ನೂರ ಇಪ್ಪತ್ತನಾಲ್ಕು."

ಹುಡುಗಿಯ ಕೈ ನಿಲ್ಲಲಿಲ್ಲ. ಚಕ್ರವನ್ನು ಕೂದಲೆಳೆಯಷ್ಟು ತಿರುಗಿಸಿ ಮುಳ್ಳನ್ನೇ ನೋಡುತ್ತಾ ಇದ್ದಳು. ಕೆನ್ನೆಯ ಬಣ್ಣ ಮಾತ್ರ ಇಳಿಯಿತು. ಮುಳ್ಳು ಒಂದು ದಾಟಿತು, ಒಂದೂಕಾಲು ದಾಟಿತು.

"ಅದರಿಂದ ಗೊತ್ತಾಯ್ತಾ," ಎಂದಳು ಕೊನೆಗೆ.

"ಅದರಿಂದಲೇ."

"ನಾನೇ ಬರೆದದ್ದು. ಅಜ್ಜನ ಅಕ್ಷರ ಚಿಕ್ಕಂದಿನಿಂದ ನೋಡಿ ಗೊತ್ತು." ಅವಳು ಅಜ್ಜ ಎಂದದ್ದು ಸೆನ್‌ಕಿಚಿಗೆ. "ಅಪ್ಪ ಏನಂದುಕೊಂಡಿದಾರೆ ಅಂತ ಗೊತ್ತು ನನಗೆ. ನಾನು ಅವಸರದಲ್ಲಿ ಒತ್ತಡ ಇಳಿಸಿ ತೊರಾಯಿಚಿ ಸಾನ್‌ನ ಕೊಂದೆ ಅಂದುಕೊಂಡಿದಾರೆ. ಇಪ್ಪತ್ತೆರಡು ನಿಮಿಷ ಅಂತ ಬರೆದಿದೀನಲ್ಲ. ಎಲ್ಲರೂ ಆ ಇಪ್ಪತ್ತೆರಡು ನಿಮಿಷದ್ದೇ ಮಾತಾಡ್ತಾರೆ. ಆ ಪುಟದಲ್ಲಿ ಬರೆದದ್ದರಲ್ಲಿ ಒಂದಾದ್ರೂ ನಡೆದದ್ದಾ ಅಂತ ಯಾರೂ ಕೇಳ್ಲಿಲ್ಲ."

"ಈಗ ನಾನು ಕೇಳ್ತಾ ಇದೀನಿ."

ಮುಳ್ಳು ಒಂದು ಪಾಯಿಂಟ್ ಎಂಟಕ್ಕೆ ಬಂದು ನಿಂತಿತು. ಚಿಗುಸಾ ಚಕ್ರ ಬಿಗಿದಳು. ಗಡಿಯಾರ ನೋಡಿ ಹೊತ್ತು ಬರೆದುಕೊಂಡಳು.

"ಅವತ್ತು ಈ ಕವಾಟ ತಿರುಗಲೇ ಇಲ್ಲ," ಎಂದಳು. "ದೋಣಿಯಿಂದ ಇಳಿಸಿದಾಗಲೇ ಅವರ ಮೈ ತಣ್ಣಗಿತ್ತು. ಕತ್ತಿನ ಮೇಲೆ, ಟೋಪಿ ಬಿಗಿಯೋ ಜಾಗದ ಕೆಳಗೆ, ನಾಲ್ಕು ಬೆರಳಿನ ಗುರುತಿತ್ತು. ಹೆಣವನ್ನ ತೊಟ್ಟಿಗೆ ಹಾಕಿ ಪುಟ ತುಂಬಿಸು, ಇಲ್ಲದಿದ್ರೆ ನಿನ್ನ ಅಪ್ಪ ನಾಳೆ ಜೀವಂತ ದಕ್ಕೆ ದಾಟಲ್ಲ ಅಂತ ಒಬ್ಬ ಇಲ್ಲೇ ನಿಂತು ಹೇಳಿದ. ನೀವು ನಿಂತಿದೀರಲ್ಲ, ಅಲ್ಲೇ."

"ಯಾರು?"

ಚಿಗುಸಾ ತಲೆ ತಿರುಗಿಸಲಿಲ್ಲ. ಕಣ್ಣು ಮಾತ್ರ ತೊಟ್ಟಿಯ ದಪ್ಪ ಗಾಜಿನ ಕಿಂಡಿಯ ಕಡೆ ಹೋಯಿತು.

ಒಳಗೆ ತೊಕುಜಿ ನರಳುವುದನ್ನು ಯಾವಾಗಲೋ ನಿಲ್ಲಿಸಿದ್ದ. ಮೊಣಕೈ ಊರಿ ಅರ್ಧ ಎದ್ದು, ಕಿಂಡಿಗೆ ಮುಖ ಹತ್ತಿರ ತಂದು, ಅವರಿಬ್ಬರ ತುಟಿಗಳನ್ನೇ ನೋಡುತ್ತಿದ್ದ.